ಬರಿಗೈಯ ಮಡಿಕೆ

ಕದ್ರಿಯ ತನ್ನ ಮನೆಯ ಚಾವಡಿಯಲ್ಲಿ ಅಣ್ಣು ಶೆಟ್ಟರು ಚಹಾ ಕುಡಿಯುತ್ತಿದ್ದಾಗ ಅವರ ತಂಗಿಯ ಮಗ ಚಿತ್ತರಂಜನ ಬಂದು, ಪಣಂಬೂರಿನ ಆಚೆ ಏಳುತ್ತಿರುವ ಹೊಸ ಕಾರ್ಖಾನೆಯ ಚಿಮಣಿಯ ತುದಿಯಿಂದ ತಾನು ಹಾರುತ್ತೇನೆ ಎಂದು ಹೇಳಿದ. ಪೇಟೆಗೆ ಹೋಗಿ ಒಂದು ಸೇರು ಅವಲಕ್ಕಿ ತರುತ್ತೇನೆ ಎನ್ನುವಷ್ಟೇ ಸಲೀಸಾಗಿ ಹೇಳಿದ. ಶೆಟ್ಟರ ಲೋಟ ತುಟಿಯ ಹತ್ತಿರವೇ ನಿಂತುಬಿಟ್ಟಿತು.

"ಹಾರುದು ಅಂದ್ರೆ?"

"ಪ್ಯಾರಾಚೂಟ್ ಹಾಕಿಕೊಂಡು, ಮಾವ."

"ವಿಮಾನದಿಂದ ಹಾರುದು ನನಗೆ ಗೊತ್ತುಂಟು. ಚಿಮಣಿಯಿಂದ ಹಾರುದು ಎಂತದು ಮಾರಾಯ? ನಿನ್ನ ತಲೆ ಸರಿ ಉಂಟಾ?"

ತಲೆ ಸರಿಯಾಗಿಯೇ ಇತ್ತು, ಅದೇ ತೊಂದರೆ. ಚಿತ್ತರಂಜನ ಐದು ವರ್ಷ ಸೈನ್ಯದಲ್ಲಿದ್ದು ವಿಮಾನದಿಂದ ಹಾರುವುದನ್ನು ಕಲಿತವನು. ಅಲ್ಲಿಂದ ಬಿಟ್ಟು ಬಂದು ಹಂಪನಕಟ್ಟೆಯಲ್ಲಿ ಮನೆತನದ ಹೋಟೆಲನ್ನು ನೋಡಿಕೊಳ್ಳುತ್ತಿದ್ದ. ಗಲ್ಲಾದ ಹಿಂದೆ ಕುಳಿತು ಕುಳಿತು ಮೈ ಜಡ್ಡುಗಟ್ಟಿತೋ ಏನೋ, ಗೋವಾಕ್ಕೆ ಹೋದವನು ಅಲ್ಲಿ ಒಬ್ಬ ವಿದೇಶಿಯ ಸ್ನೇಹ ಮಾಡಿ ಒಂದು ಚೌಕ ಪ್ಯಾರಾಚೂಟನ್ನೂ ಅದರ ಜೊತೆಗಿನ ಹುಚ್ಚನ್ನೂ ಒಟ್ಟಿಗೇ ಕಟ್ಟಿಕೊಂಡು ಬಂದ. ಹೊರದೇಶಗಳಲ್ಲಿ ಈಗ ಕಟ್ಟಡ, ಗೋಪುರ, ಸೇತುವೆ, ಬಂಡೆಗಳ ನೆತ್ತಿಯಿಂದ ಹಾರುವವರಿದ್ದಾರಂತೆ. ಅದಕ್ಕೆ ಬೇಸ್ ಜಂಪ್ ಎಂದು ಹೆಸರೂ ಇಟ್ಟಾಗಿದೆಯಂತೆ. ಎಂಬತ್ತಾರನೆಯ ಇಸವಿಯ ನವರಾತ್ರಿ ನಡೆಯುತ್ತಿತ್ತು. ವಿಜಯದಶಮಿಯ ದಿನ ಕಾರ್ಖಾನೆಯ ಕೆಲಸಕ್ಕೆ ರಜೆ, ಕ್ರೇನಿಗೂ ಮಾಲೆ ಹಾಕಿ ನಿಲ್ಲಿಸಿರುತ್ತಾರೆ, ಕಾವಲಿನವನೂ ಮನೆಗೆ ಹೋಗಿರುತ್ತಾನೆ. ಅಂಥ ದಿನ ಮತ್ತೆ ಸಿಕ್ಕುವುದಿಲ್ಲ ಎಂದು ಅಳಿಯ ವಿವರಿಸಿದ. ಚಿಮಣಿಯ ಎತ್ತರ ಎಷ್ಟೆಂದು ಶೆಟ್ಟರು ಕೇಳಿದರು. ಅವನು ಹೇಳಿದ ಲೆಕ್ಕ ಕೇಳಿ ಲೋಟವನ್ನು ಕೆಳಗಿಟ್ಟರು. ಅಷ್ಟು ಕಡಿಮೆ ಎತ್ತರದಲ್ಲಿ ಎರಡನೆಯ ಪ್ಯಾರಾಚೂಟಿಗೆ ಸಮಯವೇ ಇಲ್ಲ. ಬೆನ್ನ ಮೇಲಿನ ಒಂದೇ ಒಂದು ಬಿಚ್ಚಿದರೆ ಬದುಕು, ಇಲ್ಲದಿದ್ದರೆ ಇಲ್ಲ.

ಅಳಿಯಕಟ್ಟಿನ ಬಂಟರ ಮನೆಯಲ್ಲಿ ಸೋದರಮಾವ ಬೇಡ ಎಂದರೆ ಬೇಡ, ಅಷ್ಟೇ. ಶೆಟ್ಟರು ಬಾಯಿ ತೆರೆದು ಆ ಒಂದು ಮಾತು ಆಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆಡಲಿಲ್ಲ. ಯಾಕೆ ಆಡಲಿಲ್ಲ ಎಂದು ತಿಳಿಯಬೇಕಾದರೆ ಅವರು ಯಾರೆಂದು ಸ್ವಲ್ಪ ಹೇಳಬೇಕು.

ಊರಿನವರಿಗೆ ಅವರು ನಂತೂರಿನ ಟರ್ಪಾಲು ಅಂಗಡಿಯ ಅಣ್ಣು ಶೆಟ್ಟರು. ಎಪ್ಪತ್ತೈದರಿಂದ ಆ ಜಂಕ್ಷನ್ನಿನಲ್ಲಿ ಕುಳಿತು ಲಾರಿಗಳಿಗೆ ಟರ್ಪಾಲು ಹೊಲಿಯುತ್ತಿದ್ದರು, ಹಳೆಯದಕ್ಕೆ ತೇಪೆ ಹಾಕುತ್ತಿದ್ದರು. ಅದಕ್ಕೆ ಮೊದಲಿನ ಅಣ್ಣು ಶೆಟ್ಟರನ್ನು ಊರಿನಲ್ಲಿ ಹೆಚ್ಚಿನವರು ಕಂಡವರಲ್ಲ. ಹದಿನೇಳು ವರ್ಷ ವಾಯುಪಡೆಯ ನೌಕರಿ, ಉತ್ತರದ ಒಂದು ವಿಮಾನ ನೆಲೆಯ ಉದ್ದನೆಯ ಶೆಡ್ಡಿನಲ್ಲಿ. ಕೆಲಸ ಒಂದೇ: ಪ್ಯಾರಾಚೂಟು ಮಡಚಿ ಚೀಲಕ್ಕೆ ತುಂಬುವುದು. ಒಬ್ಬನ ಜೀವ ಮಡಚಿ ಕೊಡುತ್ತೇವೆ ಎಂದು ಅಲ್ಲಿನ ಹಿರಿಯರು ಹೊಸಬರಿಗೆ ಹೇಳುತ್ತಿದ್ದರು. ಶೆಟ್ಟರು ಆ ಮಾತನ್ನು ಅಕ್ಷರಶಃ ನಂಬಿದವರು.

ಶೆಡ್ಡಿನಲ್ಲಿ ಅವರ ಪಕ್ಕದ ಮೇಜಿನಲ್ಲಿ ಪೌಲ್ ಎಂಬವನಿದ್ದ. ಅವನೂ ಮಂಗಳೂರಿನವನೇ, ಬೆಂದೂರಿನ ಕಡೆಯವನು. ಕೆಲಸದಲ್ಲಿ ಚುರುಕು, ಬಾಯಿ ತುಂಬ ಹಾಡು. ಮಡಿಕೆಗಳು ಜಾರದಂತೆ ಹಿಡಿಯಲು ಮೇಜಿನ ಮೇಲೆ ಇಕ್ಕಳ, ಕೊಕ್ಕೆ, ಭಾರದ ಚೀಲ ಇತ್ಯಾದಿ ಇರುತ್ತಿದ್ದವು. ಕೆಲಸ ಮುಗಿದ ಮೇಲೆ ಎಲ್ಲವನ್ನೂ ಎಣಿಸಿ ಅವುಗಳ ಜಾಗದಲ್ಲಿ ಇಟ್ಟ ನಂತರವೇ ಚೀಲದ ಬಾಯಿ ಮುಚ್ಚಬೇಕೆಂಬ ಕಟ್ಟುನಿಟ್ಟು. ಒಂದು ದಿನ ಪೌಲ್ ಎಣಿಸದೆ ಮುಚ್ಚಿದ. ಒಂದು ಇಕ್ಕಳ ಒಳಗೇ ಉಳಿಯಿತು. ಆ ಚೀಲ ಬೆನ್ನಿಗೇರಿಸಿಕೊಂಡು ಹಾರಿದ ಹುಡುಗನ ಪ್ಯಾರಾಚೂಟು ಬಿಚ್ಚದೆ ಬಟ್ಟೆಯ ಗಂಟಿನಂತೆ ತಲೆಯ ಮೇಲೆ ಹೊಡೆದುಕೊಂಡಿತು. ಎದೆಯ ಮೇಲಿನ ಎರಡನೆಯದು ತಡವಾಗಿ ಅರಳಿ ಜೀವ ಉಳಿಸಿತಾದರೂ ಅವನ ಸೊಂಟ ಮುರಿಯಿತು. ವಿಚಾರಣೆ ಮುಗಿಸಿ ಶೆಡ್ಡಿಗೆ ಬಂದ ಪೌಲ್‌ನ ಮುಖವನ್ನು ಶೆಟ್ಟರು ಮರೆಯಲಿಲ್ಲ. ಅವನು ಆಮೇಲೆ ಹಾಡಲೂ ಇಲ್ಲ, ಮೇಜು ಮುಟ್ಟಲೂ ಇಲ್ಲ.

ಆ ದಿನದಿಂದ ಶೆಟ್ಟರು ತನ್ನ ಮೇಜಿನಿಂದ ಉಪಕರಣಗಳನ್ನೆಲ್ಲ ಇಳಿಸಿಬಿಟ್ಟರು. ಮಡಿಕೆ ಹಿಡಿಯಲು ಮೊಣಕಾಲು, ಮೊಣಕೈ, ಗಲ್ಲ, ಬೇಕಾದರೆ ಹಲ್ಲು. ನಿಧಾನವಾಗುತ್ತಿತ್ತು, ಮೇಲಿನವರು ಗೊಣಗುತ್ತಿದ್ದರು, ಆದರೆ ಅವರ ಮಡಿಕೆಯಲ್ಲಿ ತಪ್ಪು ಹಿಡಿಯಲು ಯಾರಿಗೂ ಆಗಲಿಲ್ಲ. "ಕೈಯನ್ನು ಯಾರಾದ್ರೂ ಒಳಗೆ ಮರೆತು ಬರ್ತಾರಾ?" ಎಂದು ಕೇಳಿ ಅವರು ಎಲ್ಲರ ಬಾಯಿ ಮುಚ್ಚಿಸುತ್ತಿದ್ದರು. ನಿವೃತ್ತರಾಗಿ ಬಂದ ಮೇಲೂ ಟರ್ಪಾಲು ಅಂಗಡಿಯಲ್ಲಿ ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿದರೆಂದರೆ, ಲಾರಿಯವರು ದೂರದಿಂದಲೇ ಅವರನ್ನು ಅಣಕಿಸುತ್ತಿದ್ದರು.

ಆದರೆ ಒಂದು ಕೊರಗು ಅವರೊಳಗೆ ಉಳಿದಿತ್ತು, ಅದನ್ನು ಹೆಂಡತಿ ಗುಣವತಿಗೆ ಬಿಟ್ಟು ಯಾರಿಗೂ ಹೇಳಿದವರಲ್ಲ. ಹದಿನೇಳು ವರ್ಷದಲ್ಲಿ ತಾನು ಮಡಚಿದ ಒಂದೇ ಒಂದು ಪ್ಯಾರಾಚೂಟು ಆಕಾಶದಲ್ಲಿ ಅರಳಿದ್ದನ್ನು ಅವರು ನೋಡಿರಲಿಲ್ಲ. ಶೆಡ್ಡಿನ ಕೆಲಸ ಶೆಡ್ಡಿನಲ್ಲಿ. ಹೊರಗೆ ಬಂದು ನೋಡಿದರೂ ಗುಂಪಿನಲ್ಲಿ ಇಳಿಯುವ ಅಷ್ಟೊಂದು ಛತ್ರಿಗಳಲ್ಲಿ ತನ್ನದು ಯಾವುದೆಂದು ಗುರುತು ಹಿಡಿಯುವುದು ಹೇಗೆ? ಇದು ಮಾತ್ರ ಒಂದೇ ಒಂದು, ಮಡಚುವವನು ತಾನೇ, ಹಾರುವವನು ಸ್ವಂತ ಅಳಿಯ. ಹೆದರಿಕೆಯಿದ್ದರೂ ಅವರ ಬಾಯಿಂದ ಬೇಡ ಎಂಬ ಮಾತು ಬರಲಿಲ್ಲ, ಬಂದದ್ದು ಇದು:

"ಹಾರುದಾದ್ರೆ ನಾನೇ ಮಡಚಿ ಕೊಡುದು. ನೀನು ಕೈ ಹಾಕ್ಲಿಕ್ಕಿಲ್ಲ. ನಿನ್ನ ಅಮ್ಮನಿಗೆ ಗೊತ್ತಾಗ್ಲಿಕ್ಕಿಲ್ಲ."

ಚಿತ್ತರಂಜನ ಹಿಗ್ಗಿಹೋದ. ಆದರೆ ಅವನು ಚೀಲದಿಂದ ತೆಗೆದ ಸಾಮಾನು ನೋಡಿ ಶೆಟ್ಟರ ಹುಬ್ಬು ಗಂಟಾಯಿತು. ಬಟ್ಟೆ ಒಣಹಾಕುವ ಕ್ಲಿಪ್ಪಿನಂಥವೇ, ಆದರೆ ದೊಡ್ಡವು, ಉಕ್ಕಿನವು. ಒಂದೊಂದಕ್ಕೂ ಕೆಂಪು ರಿಬ್ಬನ್ ಕಟ್ಟಿತ್ತು.

"ಇದೆಂತ?"

"ಈ ಬಟ್ಟೆ ನಿಮ್ಮ ಕಾಲದ ಗುಂಡು ಪ್ಯಾರಾಚೂಟಿನ ಹಾಗಲ್ಲ ಮಾವ. ಕೈಯಲ್ಲಿ ನಿಲ್ಲುದೇ ಇಲ್ಲ, ಜಾರ್ತದೆ. ಕ್ಲಿಪ್ ಹಾಕಿ ಹಿಡಿಯಬೇಕು. ಕೊನೆಗೆ ಎಣಿಸಿ ತೆಗೀಬೇಕು. ಮರೀಬಾರದು ಅಂತ್ಲೇ ರಿಬ್ಬನ್."

"ಪೌಲ್ ಸಹ ಮರೀಬಾರದು ಅಂತ್ಲೇ ಇದ್ದದ್ದು. ನನ್ನ ಕೈಗೆ ರಿಬ್ಬನ್ ಬೇಡ."

"ಆದ್ರೂ ಮಾವ..."

"ಆದ್ರೂ ಇಲ್ಲ, ಹೋದ್ರೂ ಇಲ್ಲ."

ಮಹಾನವಮಿಯ ದಿನ ಈ ಜಗಳವೂ ತಾನಾಗಿ ಮುಗಿಯಿತು. ಗುಣವತಿ ಆಯುಧಪೂಜೆಗೆಂದು ಮನೆಯ ಕತ್ತಿ, ಕತ್ತರಿ, ಅಂಗಡಿಯಿಂದ ತಂದ ಸೂಜಿ, ಸುತ್ತಿಗೆ ಎಲ್ಲವನ್ನೂ ತೊಳೆದು ದೇವರ ಮುಂದೆ ಜೋಡಿಸುವಾಗ, ಚಾವಡಿಯಲ್ಲಿ ಬಿದ್ದಿದ್ದ ಅಳಿಯನ ಕ್ಲಿಪ್ಪುಗಳನ್ನೂ ಬಾಚಿ ತಂದು ಇಟ್ಟು ಗಂಧ, ಕುಂಕುಮ ಹಚ್ಚಿಬಿಟ್ಟರು. ಪೂಜೆಗಿಟ್ಟ ಆಯುಧವನ್ನು ಮರುದಿನ ಪೂಜೆಯಾಗದೆ ಎತ್ತುವಂತಿಲ್ಲ. ಚಿತ್ತರಂಜನ ಅತ್ತೆಯ ಹಿಂದೆ ಹಿಂದೆ ಸುತ್ತಿ ಗೋಗರೆದ.

"ಪೂಜೆಗೆ ಇಟ್ಟದ್ದನ್ನು ಮುಟ್ಟುದುಂಟಾ? ನಿನ್ನ ಒಳ್ಳೆದಕ್ಕೇ ಇಟ್ಟದ್ದು. ಬೆಳಿಗ್ಗೆ ಮಂಗಳಾರತಿ ಮಾಡಿ ಕೊಡ್ತೇನೆ, ತಕ್ಕೊಂಡು ಹೋಗು," ಎಂದರು ಗುಣವತಿ. ಅವನು ಇದನ್ನೆಲ್ಲ ಯಾವುದಕ್ಕೆ ಬಳಸುತ್ತಾನೆಂದು ಅವರಿಗೆ ಗೊತ್ತಿರಲಿಲ್ಲ, ಸೈನ್ಯದ ಹಳೆಯ ಸಾಮಾನು ಎಂದೇ ತಿಳಿದಿದ್ದರು. ಶೆಟ್ಟರು ಮೀಸೆಯೊಳಗೇ ನಕ್ಕರು. ದೇವರೇ ತನ್ನ ಪಕ್ಷ ಹಿಡಿದರು ಎಂದು ಅವರಿಗೆ ಅನಿಸಿತು.

ಮಧ್ಯಾಹ್ನದ ಮೊದಲು ಚಾವಡಿಯ ಬಾಗಿಲು ಹಾಕಿ, ಫ್ಯಾನು ನಿಲ್ಲಿಸಿ, ಚಾಪೆಯ ಮೇಲೆ ಬಟ್ಟೆ ಹರಡಿ ಕೆಲಸಕ್ಕೆ ಕುಳಿತರು. ಅಳಿಯ ವಿದೇಶಿಯಿಂದ ಕಲಿತ ಕ್ರಮವನ್ನು ಹೇಳುತ್ತ ಹೋದ, ಅವರು ಒಮ್ಮೆ ಕೇಳಿ ತಲೆಯಾಡಿಸುತ್ತಿದ್ದರು. ಅಷ್ಟರಲ್ಲಿ ಪಕ್ಕದ ಮನೆಯಿಂದ ಅವನ ತಾಯಿ ಆಶಾಲತಾ ಊಟಕ್ಕೆ ಕರೆದರು. ಹಬ್ಬದ ಊಟ, ಹೋಗದಿದ್ದರೆ ಸಂಶಯ ಬರುತ್ತದೆ. ಅವನು ಎದ್ದು ಹೋದ.

ಒಬ್ಬರೇ ಆದ ಮೇಲೆ ಆ ಬಟ್ಟೆಯ ನಿಜವಾದ ಗುಣ ಅವರಿಗೆ ಗೊತ್ತಾಯಿತು. ಆಗಷ್ಟೇ ಹಿಡಿದ ಮೀನಿನ ಹಾಗೆ ಜಾರುತ್ತಿತ್ತು. ಒಂದು ಕಡೆಯ ಮಡಿಕೆಯನ್ನು ಮೊಣಕಾಲಿನಿಂದ ಒತ್ತಿದರೆ ಇನ್ನೊಂದು ಕಡೆ ಗಾಳಿ ತುಂಬಿ ಉಬ್ಬುತ್ತಿತ್ತು. ಐವತ್ತು ದಾಟಿದ ಮೊಣಕಾಲು ನೋಯಲು ಶುರುವಾಯಿತು. ಬೆವರು ಬಟ್ಟೆಗೆ ತಾಗಬಾರದೆಂದು ಆಗಾಗ ಮುಖ ಒರೆಸಬೇಕು. ಒರೆಸಲು ಕೈ ಎತ್ತಿದರೆ ಮಡಿಕೆ ಮತ್ತೆ ಬಿಚ್ಚಿಕೊಳ್ಳುತ್ತಿತ್ತು. ಮೂರನೆಯ ಸಲವೂ ಹಾಗಾದಾಗ ಅವರಿಗೆ ಅಳುವೇ ಬಂತು. ಅಳಿಯ ಬಂದು ನೋಡಿದರೆ ಏನೆನ್ನುತ್ತಾನೆ?

ಗೋಡೆಯ ಬದಿಯಲ್ಲಿ ಗುಣವತಿ ಮಲ್ಲಿಗೆ ಕಟ್ಟಲು ನೀರಿನಲ್ಲಿ ನೆನೆಹಾಕಿದ್ದ ಬಾಳೆನಾರು ಇತ್ತು. ಶೆಟ್ಟರು ಕೈ ಚಾಚಿ ಮೂರು ಎಳೆ ಎಳೆದುಕೊಂಡರು, ನೀರು ಹಿಂಡಿ ಮುಂಡಿನ ಅಂಚಿಗೆ ಒರೆಸಿದರು, ಸೀರೆಯ ನೆರಿಗೆಯನ್ನು ಹಿಡಿದು ಕಟ್ಟುವ ಹಾಗೆ ಮಡಿಕೆಯ ಕಟ್ಟಿಗೆ ಮೂರು ಕಡೆ ಸುತ್ತಿ ಗಂಟು ಹಾಕಿದರು. ಬಟ್ಟೆ ತೆಪ್ಪಗಾಯಿತು. ಆಮೇಲಿನದು ಅವರಿಗೆ ನೀರು ಕುಡಿದಷ್ಟು ಸುಲಭ. ಅಳತೆಗೆ ಸರಿಯಾಗಿ ಮಡಚಿ, ಚೀಲದೊಳಗೆ ಇಳಿಸಿ, ಅದರ ಬಾಯಿ ಮುಚ್ಚುವ ಕಿವಿಗಳನ್ನು ಒಂದರ ಮೇಲೊಂದು ತಂದು ಪಿನ್ನು ಹಾಕಿದರು. ಅಂಗೈಯಿಂದ ಎರಡು ಸಲ ತಟ್ಟಿ ನೋಡಿದರು. ಊಟ ಮುಗಿಸಿ ಬಂದ ಚಿತ್ತರಂಜನ ಚೀಲವನ್ನು ಅತ್ತಿತ್ತ ತಿರುಗಿಸಿ ನೋಡಿದ.

"ಕ್ಲಿಪ್ಪಿಲ್ಲದೆ ಆಯ್ತಾ ಮಾವ?"

"ಕೈ ಉಂಟಲ್ಲ ಮಾರಾಯ."

ಅವನು ಚೀಲವನ್ನು ಎತ್ತಿಕೊಂಡು ಹೊರಟ. ಶೆಟ್ಟರು ಆ ದಿನ ಎರಡು ಸಲ ಪಾಯಸ ಹಾಕಿಸಿಕೊಂಡರು.

ಮರುದಿನ ಕತ್ತಲು ಹರಿಯುವ ಮೊದಲೇ ಅಳಿಯ ಹೋಟೆಲಿನ ಜೀಪಿನಲ್ಲಿ ಹೊರಟುಹೋಗಿದ್ದ. ತಾಯಿಗೆ ಹೇಳಿದ್ದು ಹೋಟೆಲಿನ ಪೂಜೆಗೆ ಎಂದು. ಅತ್ತೆ ಎದ್ದು ಮೊದಲ ಆರತಿ ಎತ್ತುವುದನ್ನೇ ಕಾದಿದ್ದು ಕ್ಲಿಪ್ಪುಗಳನ್ನು ಕಿಸೆಗೆ ಹಾಕಿಕೊಂಡು ಹೋಗಿದ್ದ. ಬೆಳಗಿನ ನೆಲಗಾಳಿ ನಿಂತು ಕಡಲ ಗಾಳಿ ಏಳುವ ನಡುವಿನ ಹೊತ್ತಿನಲ್ಲಿ ಹಾರುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಶೆಟ್ಟರು ಅಂಗಡಿಯ ಪೂಜೆ ಮುಗಿಸಿ ಬಸ್ಸು ಹಿಡಿದು ಅಲ್ಲಿಗೆ ಮುಟ್ಟುವುದು. ಅವರು ಸ್ನಾನ ಮಾಡಿ, ಒಗೆದ ಮುಂಡು ಉಟ್ಟು, ಕನ್ನಡಿಯ ಮುಂದೆ ತಲೆ ಬಾಚುತ್ತಿದ್ದರು. ಚಾವಡಿಯಲ್ಲಿ ಗುಣವತಿ ಗುಡಿಸುವ ಸದ್ದು ಕೇಳುತ್ತಿತ್ತು.

"ಹೂ ಕಟ್ಟುವ ನಾರನ್ನು ಎಂತ ಮಾಡಿದ್ದು ನೀವು? ಮೂರು ಎಳೆ ಕಾಣೆ ಅಂತ ನಿನ್ನೆಯೇ ಹುಡುಕಿದ್ದೆ. ಇಲ್ಲಿ ಚಾಪೆಯ ಅಡಿಯಲ್ಲಿ ಎರಡು ಎಳೆ ಬಿದ್ದುಂಟು."

"ಮೂರು," ಎಂದರು ಶೆಟ್ಟರು, ಬಾಚುತ್ತಲೇ.

"ಎರಡೇ ಇರುದು."

ಬಾಚಣಿಗೆ ತಲೆಯಲ್ಲೇ ನಿಂತಿತು. ಅವರು ಚಾವಡಿಗೆ ಬಂದು ಹೆಂಡತಿಯ ಕೈಯಿಂದ ಆ ಎರಡು ಎಳೆಗಳನ್ನು ತೆಗೆದುಕೊಂಡರು. ಚಾಪೆ ಎತ್ತಿ ಕೊಡವಿದರು. ಗುಡಿಸಿದ ಕಸವನ್ನು ಕೈಯಿಂದ ಕೆದಕಿದರು. ನಿನ್ನೆ ಉಟ್ಟ ಮುಂಡನ್ನು ಬಿಚ್ಚಿ ಜಾಡಿಸಿದರು. ಮೇಜಿನ ಅಡಿ, ಬಾಗಿಲ ಸಂದು, ಚಪ್ಪಲಿಗಳ ಒಳಗೆ. ಇಲ್ಲ. ಕೆಳಗಿನ ಎರಡು ಗಂಟುಗಳನ್ನು ಹಲ್ಲಿನಿಂದ ಬಿಚ್ಚಿದ ನೆನಪು ಅವರಿಗೆ ಸ್ಪಷ್ಟವಾಗಿತ್ತು. ಮೇಲಿನದನ್ನು ಬಿಚ್ಚಿದ ನೆನಪಿರಲಿಲ್ಲ. ಅದರ ಮೇಲೆ ಅವರ ಮೊಣಕಾಲು ಇತ್ತು; ಮೊಣಕಾಲು ಎತ್ತಿದ ಕೂಡಲೇ ಮಡಿಕೆ ಎಷ್ಟು ಚಂದ ಕುಳಿತಿದೆ ಎಂದು ಹಿಗ್ಗಿ ಹಾಗೆಯೇ ಚೀಲಕ್ಕೆ ಇಳಿಸಿದ್ದರು.

ಶೆಡ್ಡಿನಲ್ಲಿ ಎಣಿಸುವ ಪಾಠ ಕಲಿತವರು ಅವರು. ಆದರೆ ಎಣಿಸುವುದು ಆಯುಧಗಳನ್ನು. ಆಯುಧಗಳೆಲ್ಲ ಕುಂಕುಮ ಹಚ್ಚಿಕೊಂಡು ದೇವರ ಮುಂದೆ ಇದ್ದವಲ್ಲ! ಮಲ್ಲಿಗೆ ಕಟ್ಟುವ ನಾರನ್ನು ಯಾವ ಮನೆಯಲ್ಲಿ ಯಾರು ಆಯುಧವೆಂದು ಲೆಕ್ಕ ಹಿಡಿದಾರು? ಒಣಗಿದ ನಾರಾದರೆ ಎಳೆದಾಗ ತುಂಡಾದೀತು. ಇದು ಒದ್ದೆ ನಾರು, ಗಾಳಿಯಾಡದ ಚೀಲದೊಳಗೆ ಹಸಿಯಾಗಿಯೇ ಇರುತ್ತದೆ, ಹಸಿ ನಾರು ಕಡಿಯುವುದಿಲ್ಲ. ಹೆಂಗಸರು ಅದನ್ನು ನೆನೆಹಾಕುವುದೇ ಅದಕ್ಕೆ.

"ಎಂತ ಆಯ್ತು? ಮುಖ ಯಾಕೆ ಹೀಗಾಯ್ತು?" ಎಂದು ಗುಣವತಿ ಕೇಳುತ್ತಿದ್ದರು. ಅವರು ಅಂಗಳಕ್ಕೆ ಇಳಿದು ಓಡಿದರು.

ಗೇಟಿನ ಬಳಿ ತಂಗಿ ಆಶಾಲತಾ ಪ್ರಸಾದದ ತಟ್ಟೆ ಹಿಡಿದು ಬರುತ್ತಿದ್ದರು.

"ಎಂತ ಅಣ್ಣ, ಚಪ್ಪಲಿಯೂ ಇಲ್ಲದೆ? ಪ್ರಸಾದ ತಕ್ಕೊಳ್ಳಿ."

"ಅಂಗಡಿ... ಅಂಗಡಿಗೆ ಯಾರೋ ಬಂದಿದ್ದಾರೆ."

"ಚಿತ್ತು ಹೋಟೆಲಿನಿಂದ ಮಧ್ಯಾಹ್ನ ಊಟಕ್ಕೆ ಬರ್ತಾನೆ ಅಂದಿದ್ದಾನೆ. ನೀವೂ ಅತ್ತಿಗೆಯೂ ಇಲ್ಲಿಗೇ ಬನ್ನಿ ಆಯ್ತಾ?"

ಶೆಟ್ಟರು ಹೂಂ ಎಂದರು. ತಂಗಿ ಅಂಗೈಯಲ್ಲಿ ಇಟ್ಟ ಪಂಚಕಜ್ಜಾಯವನ್ನು ಹಾಗೆಯೇ ಮುಷ್ಟಿಯಲ್ಲಿ ಹಿಡಿದು ಓಡಿದರು. ಅವಳ ಮುಖವನ್ನು ನೋಡಿ ಹೂಂ ಎಂದೆನಲ್ಲ ಎಂಬುದು ನಂತೂರಿಗೆ ಹೋಗುವ ಇಳಿಜಾರಿನ ಉದ್ದಕ್ಕೂ ಅವರನ್ನು ಸುಟ್ಟಿತು. ಹೇಳಿಬಿಡಬೇಕಿತ್ತೆ? ಹೇಳಿ ಏನು? ನಿನ್ನ ಮಗನಿಗೆ ನಾನು ಗಂಟು ಹಾಕಿ ಕಳುಹಿಸಿದ್ದೇನೆ ಎಂದೇ? ಆ ಕಾರ್ಖಾನೆಗೆ ಫೋನು ಮಾಡಿದರೆ ಎತ್ತುವವರಿಲ್ಲ. ಯಾರೂ ಇಲ್ಲದ ದಿನವೆಂದೇ ಅಲ್ಲವೇ ಅದನ್ನು ಆರಿಸಿದ್ದು.

ನಂತೂರಿಗೆ ಬಂದರೆ ಅಲ್ಲಿ ಇನ್ನೊಂದು ಆಘಾತ. ಬೇರೆ ದಿನ ರಸ್ತೆ ದಾಟಲು ಬಿಡದ ಜಂಕ್ಷನ್ನು ಭಣಗುಟ್ಟುತ್ತಿತ್ತು. ಲಾರಿಗಳೆಲ್ಲ ಬಾಳೆಗಿಡ ಕಟ್ಟಿಸಿಕೊಂಡು, ಗಾಜಿಗೆ ಗಂಧದ ಬೊಟ್ಟು ಇಡಿಸಿಕೊಂಡು ಸಾಲಾಗಿ ನಿಂತಿದ್ದವು. ಡ್ರೈವರುಗಳ ಸುಳಿವಿಲ್ಲ. ಬಸ್ಸು ಯಾವಾಗ ಎಂದು ಕೇಳಿದರೆ, ಪೂಜೆ ಆಗಿ ಬರಬೇಕಷ್ಟೆ ಎಂದ ಒಬ್ಬ. ಶೆಟ್ಟರು ರಸ್ತೆಯ ಮಧ್ಯದಲ್ಲಿ ನಿಂತು ಎರಡೂ ಕೈ ಮೇಲೆತ್ತಿದರು. ಬಂದರಿನ ಕಡೆಗೆ ಖಾಲಿ ಹೊರಟಿದ್ದ ಒಂದು ಲಾರಿ ಅವರ ಎದೆಯ ಹತ್ತಿರ ಬಂದು ಬ್ರೇಕು ಹಾಕಿತು.

"ಅಣ್ಣು ಶೆಟ್ರೇ! ಸಾಯ್ಲಿಕ್ಕೆ ನನ್ನದೇ ಲಾರಿ ಸಿಕ್ಕಿತಾ ನಿಮಗೆ?"

ಅದು ಮೊಯ್ದೀನಬ್ಬ, ಅವರಲ್ಲಿಯೇ ಟರ್ಪಾಲು ಹೊಲಿಸುವ ಹಳೆಯ ಗಿರಾಕಿ. ಶೆಟ್ಟರು ಹತ್ತಿ ಕುಳಿತರು. ಬಾಯಿ ತೆರೆದರೆ ಮಾತಿನ ಬದಲು ಉಸಿರು ಮಾತ್ರ ಬರುತ್ತಿತ್ತು.

"ಪಣಂಬೂರು. ಬೇಗ."

"ಎಂತ ಆಯ್ತು?"

"ನಾನು ತಂಗಿ ಆಶಾಳ ಮಗನನ್ನು ಕೊಂದೆ."

ಮೊಯ್ದೀನಬ್ಬ ಒಮ್ಮೆ ಅವರ ಕಡೆ ನೋಡಿ ಗೇರು ಹಾಕಿದ. ಲಾರಿ ಓಡುತ್ತಿದ್ದ ಹಾಗೆ ಶೆಟ್ಟರು ಹಿಂದುಮುಂದಾಗಿ ಎಲ್ಲವನ್ನೂ ಹೇಳಿದರು: ಚಿಮಣಿ, ನಾರು, ಪೌಲ್, ಮೊಣಕಾಲು. ಮೊಯ್ದೀನಬ್ಬನಿಗೆ ಅರ್ಧ ಅರ್ಥವಾಯಿತು.

"ಇನ್ನೂ ಹಾರಿಲ್ಲ ಅಲ್ವಾ? ಹಾರದವನು ಸಾಯುದು ಹೇಗೆ? ಸುಮ್ಮನೆ ಕೂತ್ಕೊಳ್ಳಿ, ನಾನು ಓಡಿಸ್ತೇನೆ."

ಓಡಿಸಿದ. ಆದರೆ ಕೂಳೂರು ಸೇತುವೆಗೆ ಮುಟ್ಟುವಾಗ ಮುಂದೆ ಒಂದು ಬಸ್ಸು ಅಡ್ಡ ನಿಂತಿತ್ತು. ಅದರ ಚಕ್ರದ ಎದುರು ಬೂದುಗುಂಬಳ ಒಡೆಯುತ್ತಿದ್ದರು, ಸುತ್ತ ಜನ, ಊದುಬತ್ತಿಯ ಹೊಗೆ. ಮೊಯ್ದೀನಬ್ಬ ಹಾರ್ನು ಒತ್ತಿಯೇ ಹಿಡಿದ. ಯಾರೋ ಹಬ್ಬದ ದಿನ ಇಷ್ಟು ಅವಸರವೇ ಎಂದು ಬೈದರು. ಶೆಟ್ಟರು ಬಾಗಿಲು ತೆಗೆದು ಕೆಳಗೆ ಧುಮುಕಿ, ಜನರ ನಡುವೆ ನುಗ್ಗಿ ಸೇತುವೆಯ ಮೇಲೆ ಓಡಿದರು.

ಅಲ್ಲಿಂದ ಚಿಮಣಿ ಕಾಣುತ್ತಿತ್ತು. ನದಿಯ ಆಚೆ, ತೆಂಗಿನ ತಲೆಗಳ ಮೇಲೆ, ಬೂದು ಬಣ್ಣದ ಒಂದು ಕಂಬ. ಅದರ ತುದಿಯಲ್ಲಿ ಏನೋ ಅಲುಗಿದಂತಾಯಿತು. ಶೆಟ್ಟರು ನಿಂತರು. ಒಂದು ಚುಕ್ಕೆ ಕಂಬದಿಂದ ಕಳಚಿಕೊಂಡಿತು. ಅದು ಬೀಳುತ್ತಿತ್ತು, ಸುಮ್ಮನೆ ಬೀಳುತ್ತಲೇ ಇತ್ತು. ಅವರು ಕೂಗಿದರೋ ಇಲ್ಲವೋ ಅವರಿಗೇ ಗೊತ್ತಾಗಲಿಲ್ಲ. ತಾನು ಹಾಕಿದ ಗಂಟು, ತನ್ನ ಬೆರಳುಗಳಿಂದಲೇ ಎರಡು ಸುತ್ತು ಬಿಗಿದ ಗಂಟು, ಅವರ ಕಣ್ಣಿನ ಮುಂದೆ ಬಂದು ನಿಂತಿತು. ಹಾಗೆ ನಿಂತಿರುವಾಗಲೇ ತೆಂಗಿನ ಮರಗಳ ಮೇಲೆ ಕೆಂಪು ಹಳದಿ ಬಣ್ಣದ ಚೌಕವೊಂದು ಫಟ್ಟನೆ ಅರಳಿತು.

ಅರಳಿತು! ಶೆಟ್ಟರು ಸೇತುವೆಯ ಕಟ್ಟೆಯನ್ನು ಹಿಡಿದುಕೊಂಡರು. ಚೌಕ ಒಮ್ಮೆ ತಿರುಗಿ ಕಡಲ ಕಡೆಗೆ ವಾಲಿ ಮರಗಳ ಮರೆಗೆ ಇಳಿಯಿತು. ನಾರು ಕಡಿದಿದೆ. ಅಷ್ಟು ಬಲವಾಗಿ, ಅಷ್ಟು ಸರಿಯಾಗಿ ಮಡಚಿದ್ದಕ್ಕೇ ನಾರನ್ನೂ ಹರಿದುಕೊಂಡು ಬಿಚ್ಚಿದೆ. ಹದಿನೇಳು ವರ್ಷ ಕಾಣದ್ದನ್ನು ಈಗ ಕಂಡೆ, ನನ್ನ ಕೈಯ ಮಡಿಕೆ! ಅವರು ಅಳುತ್ತಿದ್ದರು, ನಗುತ್ತಲೂ ಇದ್ದರು. ಹಿಂದಿನಿಂದ ಬಂದ ಲಾರಿಯಿಂದ ಮೊಯ್ದೀನಬ್ಬ ಕೈ ಚಾಚಿ ಅವರನ್ನು ಒಳಗೆ ಎಳೆದುಕೊಂಡ.

ಚಿಮಣಿಯ ಪಡುವಣಕ್ಕೆ, ಗಾಳಿಮರಗಳ ಆಚೆಯ ಮರಳಿನ ಬಯಲಿನಲ್ಲಿ ಚಿತ್ತರಂಜನ ನಿಂತು ಬಟ್ಟೆಯನ್ನು ತೋಳಿಗೆ ಸುತ್ತಿಕೊಳ್ಳುತ್ತಿದ್ದ. ಬರಿಗಾಲಿನಲ್ಲಿ ಓಡಿ ಬರುತ್ತಿದ್ದ ಮಾವನನ್ನು ಕಂಡು ಅವನ ಮುಖ ಅರಳಿತು.

"ನೋಡಿದ್ರಾ ಮಾವ? ಎಂಥಾ ಓಪನಿಂಗ್! ನಿಮ್ಮ ಕೈ ಅಂದ್ರೆ ಕೈ!"

ಶೆಟ್ಟರು ಅವನ ತಲೆ, ಭುಜ, ಬೆನ್ನು ಮುಟ್ಟಿ ನೋಡಿದರು. ಅವರ ಮುಷ್ಟಿಯಲ್ಲಿದ್ದ ಪಂಚಕಜ್ಜಾಯ ಅವನ ಅಂಗಿಗೆಲ್ಲ ಮೆತ್ತಿತು. ಆಮೇಲೆ ಅವನ ತೋಳಿನಿಂದ ಬಟ್ಟೆಯನ್ನು ಎಳೆದುಕೊಂಡು ಮರಳಿನ ಮೇಲೆ ಕುಳಿತು ಮೇಲಿನ ಅಂಚಿನಿಂದ ಹುಡುಕತೊಡಗಿದರು. ಕಡಿದ ನಾರಿನ ತುಂಡು ಎಲ್ಲಾದರೂ ಸಿಕ್ಕಿಕೊಂಡಿರಬೇಕು, ಉಜ್ಜಿದ ಕಲೆಯಾದರೂ ಇರಬೇಕು. ಹುಡುಕಿದಷ್ಟೂ ಬಟ್ಟೆ ನುಣ್ಣಗೆ ಜಾರುತ್ತಿತ್ತು.

"ಎಂತ ಹುಡುಕುದು ಮಾವ?"

"ನಾರು."

ಚಿತ್ತರಂಜನನ ನಗು ನಿಂತಿತು. ಅವನು ಕಡಲ ಕಡೆಗೆ ನೋಡಿದ, ಮತ್ತೆ ಲಾರಿಯ ಬಳಿ ನಿಂತಿದ್ದ ಮೊಯ್ದೀನಬ್ಬನ ಕಡೆಗೆ ನೋಡಿದ.

"ಅದು ಅಲ್ಲಿಲ್ಲ. ನಾನು ತೆಗೆದು ಬಿಸಾಡಿದೆ."

"ಯಾವಾಗ?"

"ಬೆಳಿಗ್ಗೆ. ಸಿಮೆಂಟಿನ ಗೋಡೌನಿನಲ್ಲಿ. ಬಿಚ್ಚಿ, ಕ್ಲಿಪ್ ಹಾಕಿ ಪುನಃ ಮಡಚಿದೆ ಮಾವ. ನಿಮಗೆ ಹೇಳ್ಬಾರದು ಅಂತ ಇದ್ದೆ."

"ನಾರಿದ್ದದ್ದು ನಿನಗೆ ಗೊತ್ತಿತ್ತಾ?"

"ಇಲ್ಲ. ಬಿಚ್ಚಿದ ಮೇಲೆ ಗೊತ್ತಾದ್ದು."

"ಮತ್ತೆ ಬಿಚ್ಚಿದ್ದು ಯಾಕೆ?"

ಅವನು ಕಾಲಿನಿಂದ ಮರಳು ಕೆದಕಿದ. "ನೀವು ಮಡಚುವಾಗ ನಾನಿರಲಿಲ್ಲ. ಮೇಲೆ ಹತ್ತುವ ಮೊದಲು ಧೈರ್ಯ ಬರ್ಲಿಲ್ಲ ಮಾವ. ಸತ್ಯ ಹೇಳ್ತೇನೆ, ನಂಬಿಕೆ ಬರ್ಲಿಲ್ಲ."

ಶೆಟ್ಟರ ಕೈ ಮೇಲೆದ್ದದ್ದು ಅವರಿಗೆ ತಿಳಿಯಲಿಲ್ಲ. ಕೆನ್ನೆಗೆ ಬಿದ್ದ ಸದ್ದು ಕೇಳಿದ ಮೇಲೆ ತಿಳಿಯಿತು. ಮೊಯ್ದೀನಬ್ಬ "ಯಾ ಅಲ್ಲಾ" ಎಂದು ಎರಡು ಹೆಜ್ಜೆ ಮುಂದೆ ಬಂದು ನಿಂತ. ಚಿಕ್ಕವನಿದ್ದಾಗಲೂ ಮಾವನಿಂದ ಒಂದು ಏಟು ತಿಂದವನಲ್ಲ ಚಿತ್ತರಂಜನ. ಅವನು ಕೆನ್ನೆ ಹಿಡಿದುಕೊಂಡು ಅವರನ್ನೇ ನೋಡಿದ. ಅವನ ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವಿತ್ತು.

"ಹೊಡೆದದ್ದು ಎಂತಕ್ಕೆ ಮಾವ? ಹಾರಿದ್ದಕ್ಕಾ, ಬಿಚ್ಚಿದ್ದಕ್ಕಾ?"

ಹಾರಿದ್ದಕ್ಕೆ ಎಂದಿದ್ದರೆ ಎಲ್ಲ ಸರಿಹೋಗುತ್ತಿತ್ತು. ಯಾವ ಮಾವನೂ ಹೇಳುವ ಮಾತು, ಯಾವ ಅಳಿಯನೂ ನಂಬುವ ಮಾತು. ಮೊಯ್ದೀನಬ್ಬನೂ ತಲೆಯಾಡಿಸಿ ಒಪ್ಪುತ್ತಿದ್ದ. ಶೆಟ್ಟರ ನಾಲಿಗೆಯ ತುದಿಗೂ ಅದು ಬಂದಿತ್ತು. ಆದರೆ ಅವರು ತನ್ನೊಳಗೆ ನೋಡಿದಾಗ ಕಂಡದ್ದು ಬೇರೆಯೇ ಆಗಿತ್ತು. ಆಶಾಳ ಮಗ ಜೀವಂತ ಎದುರು ನಿಂತಿದ್ದಾನೆ, ಬಿಚ್ಚದಿದ್ದರೆ ಈ ಮರಳಿನ ಮೇಲೆ ಏನು ಬಿದ್ದಿರುತ್ತಿತ್ತು ಎಂದು ಗೊತ್ತಿದೆ. ಹಾಗಿದ್ದೂ, ಅವನು ನನ್ನ ಮಡಿಕೆಯನ್ನು ಬಿಚ್ಚಿದನಲ್ಲ ಎಂದು ಈ ಕೈ ಎದ್ದಿತು. ಸೇತುವೆಯ ಮೇಲೆ ಅಷ್ಟು ಹಿಗ್ಗಿದ್ದೂ ಹುಡುಗ ಉಳಿದ ಎಂದು ಮಾತ್ರವಲ್ಲ. ಇಷ್ಟು ವರ್ಷ ಜೊತೆಯಲ್ಲಿದ್ದ ಅಣ್ಣು ಶೆಟ್ಟಿ ಎಂಥವನೆಂದು ಅವರಿಗೆ ಗೊತ್ತಿರಲಿಲ್ಲ.

"ಬಿಚ್ಚಿದ್ದಕ್ಕೆ," ಎಂದರು ಶೆಟ್ಟರು.

ಕಡಲ ಗಾಳಿ ಏಳತೊಡಗಿತ್ತು, ಹರಡಿದ ಬಟ್ಟೆಯ ಒಂದು ಮೂಲೆ ಉಬ್ಬಿ ಎದ್ದಿತು. ಚಿತ್ತರಂಜನ ಅದರ ಮೇಲೆ ಕಾಲಿಟ್ಟು ಹಿಡಿದ. ಸ್ವಲ್ಪ ಹೊತ್ತಿನ ಮೇಲೆ ಅವನು ಕಿಸೆಯಿಂದ ಕ್ಲಿಪ್ಪುಗಳನ್ನು ತೆಗೆದು ಮರಳಿನ ಮೇಲೆ ಸಾಲಾಗಿ ಇಟ್ಟ. ಕೆಂಪು ರಿಬ್ಬನ್ನುಗಳಿಗೆ ಗುಣವತಿ ಹಚ್ಚಿದ ಗಂಧ ಇನ್ನೂ ಅಂಟಿತ್ತು.

"ಕಾವಲಿನವ ಬರುವ ಮೊದಲು ಮಡಚಿ ಹೋಗುವ ಮಾವ. ಆ ಕಡೆ ಹಿಡೀರಿ."

ಶೆಟ್ಟರು ಹಿಡಿಯಲಿಲ್ಲ. ಹೊಡೆದ ಕೈಯನ್ನು ಇನ್ನೊಂದು ಕೈಯಿಂದ ಒತ್ತಿ ಹಿಡಿದು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡಿದ್ದರು.

"ನೀನೇ ಮಡಚು," ಎಂದರು. "ನಾನು ಮುಟ್ಟುದಿಲ್ಲ."